ಕಿಶನನ ಕೋಟೆಯ ಅಳತೆ

ಶನಿವಾರ ಬೆಳಿಗ್ಗೆ ಚಲುವರಾಜು ಅವರನ್ನು ಕಾಣಬೇಕಾದವರು ಶ್ರೀರಂಗಪಟ್ಟಣದ ಅವರ ಮನೆಗೆ ಹೋಗುವುದಿಲ್ಲ. ಕರಿಘಟ್ಟದ ಬುಡಕ್ಕೆ ಬಂದು ಕಾಯುತ್ತಾರೆ. ಹದಿನೈದು ವರ್ಷದಿಂದ ವಾರ ತಪ್ಪದೆ ಬೆಟ್ಟ ಹತ್ತಿದವರು ಅವರು. ಮಗ ತೀರಿಕೊಂಡಾಗ ಸೂತಕದ ಎರಡು ಶನಿವಾರ ಬಿಟ್ಟದ್ದೇ ಬಿಟ್ಟದ್ದು. ತೊಂಬತ್ತೊಂಬತ್ತನೆಯ ಇಸವಿಯ ಶ್ರಾವಣದಲ್ಲಿ, ಬೆಟ್ಟದ ತುಂಬ ಜನವಿದ್ದ ಒಂದು ಶನಿವಾರ, ಅವರು ಮೆಟ್ಟಿಲಿಳಿದು ಬಂದು ಚಪ್ಪಲಿ ಹುಡುಕುತ್ತಿರುವಾಗ ತಿಮ್ಮೇಶ ಸ್ಕೂಟರಿನ ಪಕ್ಕದಲ್ಲಿ ನಿಂತಿದ್ದ.

ತಿಮ್ಮೇಶ ಪಾಂಡವಪುರದವನು. ಅಲ್ಲೇ ಟೀವಿ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ. ಚಲುವರಾಜು ಅವರ ಮಗ ಕಿಶನ್‌ಗೆ ಜೀವದ ಗೆಳೆಯ. ಕಿಶನ್ ಹೋಗಿ ಎಂಟು ತಿಂಗಳಾಗಿತ್ತು. ಕಾಮಾಲೆ ಎಂದು ಮಲಗಿದವನು ಹನ್ನೆರಡು ದಿನಕ್ಕೆ ಕಣ್ಣು ಮುಚ್ಚಿದ್ದ. ಅಂದಿನಿಂದ ತಿಮ್ಮೇಶ ಅವರ ಮುಂದೆ ನಿಂತಾಗಲೆಲ್ಲ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದವನ ಹಾಗೆ ನಿಲ್ಲುತ್ತಿದ್ದ.

"ಅಪ್ಪಾಜಿ, ಕಿಶನ್ ಬರ್ದಿದ್ನಲ್ಲ ಕೋಟೆ ನಕ್ಷೆ, ಆ ಹಾಳೆ ಬೇಕಾಗಿತ್ತು."

"ಹಾಳೆ ಯಾಕಪ್ಪ? ಕೋಟೆ ಕಂಪ್ಯೂಟರ್‌ನಲ್ಲೇ ಇದೆಯಲ್ಲ."

"ಅದು ಹಳೇ ಆಟದಲ್ಲಿ. ಈಗ ಅದೇ ಆಟ ಹೊಸದಾಗಿ ಬಂದದೆ. ಹೊಸದ್ರಲ್ಲಿ ಹಳೇ ಕೋಟೆ ತೆರ್ಕೊಳ್ಳಾಕಿಲ್ಲ. ಮೊದ್ಲಿಂದ ಕಟ್ಬೇಕು, ಒಂದೊಂದು ಗೋಡೆನೂ."

ಆಟವೆಂದರೆ ಬಂದೂಕಿನ ಆಟ. ಚಲುವರಾಜು ಅವರ ಮಗಳು ದಿವ್ಯ ಪೇಟೆಬೀದಿಯಲ್ಲಿ ಕಂಪ್ಯೂಟರ್ ಕಲಿಸುವ ಸೆಂಟರ್ ನಡೆಸುತ್ತಿದ್ದಳು. ಅಲ್ಲಿದ್ದ ನಾಲ್ಕು ಕಂಪ್ಯೂಟರುಗಳನ್ನು ಕಿಶನ್ ತಂತಿ ಎಳೆದು ಒಂದಕ್ಕೊಂದು ಸೇರಿಸಿದ್ದ. ಭಾನುವಾರ ಪಾಠವಿಲ್ಲ. ನಾಲ್ಕು ಜನ ನಾಲ್ಕು ಪರದೆಯ ಮುಂದೆ ಕೂರುತ್ತಾರೆ; ಪರದೆಯೊಳಗೆ ನಾಲ್ವರೂ ಒಂದೇ ಕೋಟೆಯಲ್ಲಿರುತ್ತಾರೆ, ಇಬ್ಬರು ಈ ಕಡೆ, ಇಬ್ಬರು ಆ ಕಡೆ. ಒಬ್ಬರನ್ನೊಬ್ಬರು ಹುಡುಕಿ ಹೊಡೆಯುವುದು. ಸತ್ತವನು ಮರುಗಳಿಗೆಗೆ ತನ್ನ ಕಡೆಯ ಬಾಗಿಲಲ್ಲಿ ಎದ್ದು ಮತ್ತೆ ಓಡಿ ಬರುತ್ತಾನೆ. ಮೊದಲು ಇಪ್ಪತ್ತು ಹೊಡೆದವರು ಗೆದ್ದರು. ಇದು ಅಧರ್ಮದ ಆಟವೆಂದು ಚಲುವರಾಜು ಮೊದಮೊದಲು ಗದರಿದ್ದುಂಟು. ಆಮೇಲೆ, ಸತ್ತವರು ಎದ್ದು ಬರುವ ಊರು ಅದಾದರೂ ಒಂದಿದೆಯಲ್ಲ ಎಂದು ಸುಮ್ಮನಾಗಿದ್ದರು.

ಆಟದ ಜೊತೆ ಬಂದ ಕೋಟೆಗಳಲ್ಲಿ ಆಡಿ ಬೇಸರವಾಗಿ ಕಿಶನ್ ತಾನೇ ಒಂದು ಕೋಟೆ ಕಟ್ಟಿದ್ದ. ಮೊದಲು ಚೌಕದ ಹಾಳೆಯ ಮೇಲೆ ಬರೆದು, ಆಮೇಲೆ ಕಂಪ್ಯೂಟರಿನಲ್ಲಿ. ನಕ್ಷೆ ಬರೆಯುವುದನ್ನು ಅವನಿಗೆ ಕಲಿಸಿದವರು ಚಲುವರಾಜು. ಮೂವತ್ತನಾಲ್ಕು ವರ್ಷ ಸರ್ವೆ ಇಲಾಖೆಯಲ್ಲಿ ಕೆಲಸ ಮಾಡಿ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳ ಹೊಲಗದ್ದೆಗಳನ್ನೆಲ್ಲ ಸರಪಳಿ ಹಿಡಿದು ಅಳೆದು ನಿವೃತ್ತರಾದವರು.

"ಹಾಳೆ ಕೊಡೋಣ. ಇದ್ದಂಗೇ ಕಟ್ಟು" ಎಂದರು.

ತಿಮ್ಮೇಶ ಸ್ಕೂಟರಿನ ಕನ್ನಡಿ ತಿರುಗಿಸಿದ, ಮತ್ತೆ ಸರಿಮಾಡಿದ. "ಇದ್ದಂಗೇ ಕಟ್ಟಾಕಾಗಲ್ಲ ಅಪ್ಪಾಜಿ. ಮಧ್ಯದ ಗುಡಿ ತೆಗೀಬೇಕು ಅಂತವ್ರೆ."

"ಯಾರು?"

"ನಾಗಮಂಗಲದೋರು. ಹುಚ್ಚಣ್ಣ. ಕೋಟೆ ಓರೆ ಅದೆ, ಪಟ್ಣದೋರೇ ಗೆಲ್ಲಂಗೆ ಕಿಶನ್ ಬೇಕಂತ್ಲೇ ಹಂಗೆ ಕಟ್ಟವ್ನೆ ಅಂತ ಎಲ್ಲರ ಮುಂದೂ ಅಂದ್ಬುಟ್ಟ. ಗುಡಿ ಕಿತ್ತಾಕಿ ಬಯಲು ಮಾಡಿದ್ರೆ ಬತ್ತೀವಿ, ಇಲ್ದಿದ್ರೆ ಇಲ್ಲ ಅಂತ."

ಚಲುವರಾಜು ಚಪ್ಪಲಿ ಮೆಟ್ಟುತ್ತಿದ್ದವರು ಹಾಗೇ ನಿಂತರು. ಆಣೆಕಟ್ಟೆಯ ನೀರಿಗಾಗಿ ಅಣ್ಣತಮ್ಮಂದಿರು ಮಚ್ಚು ಹಿಡಿದು ನಿಂತ ಹೊಲದಲ್ಲಿಯೂ ಅವರ ಸರಪಳಿ ಓರೆ ಎಂದವರಿರಲಿಲ್ಲ. ಮಗನಿಗೆ ಬಿಟ್ಟುಹೋಗಬಹುದಾದ ಆಸ್ತಿ ಅದೊಂದೇ ಎಂದುಕೊಂಡಿದ್ದರು. ಈಗ ಮಗನೂ ಇಲ್ಲ, ಅವನ ಮೇಲೆ ಓರೆ ಅಳತೆಯ ಮಾತು ಬೇರೆ.

"ನಾಳೆ ಭಾನುವಾರ ಅವರನ್ನ ಕರೆಸು" ಎಂದರು. "ಗುಡಿ ಕೀಳೋ ಮಾತು ಆಮೇಲೆ. ಮೊದಲು ಅಳತೆ ಆಗಲಿ. ಹಾಳೆ ನಾನೇ ತರ್ತೀನಿ."

ಮನೆಗೆ ಬಂದು ಕಿಶನನ ಟ್ರಂಕು ತೆಗೆದಾಗ ಅವರ ಹೆಂಡತಿ ಪುಟ್ಟಗೌರಮ್ಮ ಬಾಗಿಲಲ್ಲಿ ನಿಂತು ನೋಡಿದರು. "ಅದ್ನ ಮುಟ್ಬೇಡ ಅಂತ ನನಗೆ ಹೇಳಿದೋರು ನೀವೇ ಅಲ್ವ?"

"ಹೇಳಿದ್ದೆ. ಈಗ ನಿನ್ನ ಮಗನ ಮೇಲೆ ದೂರು ಬಂದದೆ. ದೂರು ಬಂದ ಮೇಲೆ ಅಳೀಲೇಬೇಕು."

"ದೂರು ಕೊಟ್ಟೋರು ಯಾರು?"

"ನಾಗಮಂಗಲದವನೊಬ್ಬ. ಹುಚ್ಚಣ್ಣ ಅಂತ."

"ಹೆಸರಿಗೆ ತಕ್ಕಂಗವ್ನೆ ಬುಡಿ" ಎಂದು ಪುಟ್ಟಗೌರಮ್ಮ ಒಳಗೆ ಹೋಗಿ, ಅವರು ಕೇಳುವ ಮೊದಲೇ ಕನ್ನಡಕ ತಂದುಕೊಟ್ಟರು.

ಜಗಲಿಯ ಮೇಲೆ ಹಾಳೆ ಹಾಸಿ ಚಲುವರಾಜು ಕೈವಾರ ಹಿಡಿದು ಕೂತರು. ಕೋಟೆ ಚಚ್ಚೌಕವಾಗಿತ್ತು. ಬಡಗಣ ಬಾಗಿಲು ಊರವರದು, ತೆಂಕಣ ಬಾಗಿಲು ಬಂದವರದು. ಊರವರು ಯಾವಾಗಲೂ ಬಡಗಣದಿಂದಲೇ ಇಳಿಯಬೇಕೆಂದು ಕಿಶನ್ ಮಾಡಿದ ಕಟ್ಟಳೆ. ನಟ್ಟನಡುವೆ ಹನುಮಂತರಾಯನ ಗುಡಿ, ಸುತ್ತ ಒಂದು ಬೀದಿ. ಗುಡಿಯ ಮೂಡಣಕ್ಕೆ, ದೇವರ ಎದುರಿಗೆ, ಒಂದು ಅಂಗಳ; ಅಂಗಳದ ಕಟ್ಟೆಯ ಮೇಲೆ ಒಂದು ದೊಡ್ಡ ಬಂದೂಕು. ಅದಕ್ಕೆ ಹುಡುಗರು ಫಿರಂಗಿ ಎನ್ನುತ್ತಿದ್ದರು. ಫಿರಂಗಿ ಯಾರ ಕೈಗೆ ಮೊದಲು ಸಿಕ್ಕಿತೋ ಆಟ ಅವರದು. ಆದ್ದರಿಂದ ಇಡೀ ಜಗಳ ಒಂದೇ ಅಳತೆಯಲ್ಲಿತ್ತು: ಯಾವ ಬಾಗಿಲಿನಿಂದ ಫಿರಂಗಿ ಎಷ್ಟು ದೂರ?

ಬಡಗಣ ಬಾಗಿಲಿನಿಂದ ಗುಡಿಯ ಬೀದಿಗೆ ಅರವತ್ತು ಚೌಕ, ಅಲ್ಲಿಂದ ಫಿರಂಗಿಗೆ ನಲವತ್ತೆಂಟು. ತೆಂಕಣದಿಂದ ಅರವತ್ತು, ನಲವತ್ತೆಂಟು. ಅವರು ಕೈವಾರ ತಿರುಗಿಸಿ ಮತ್ತೆ ಅಳೆದರು. ಹಾಳೆಯನ್ನು ನಡುವೆ ಮಡಿಸಿದರೆ ಮೇಲಿನ ಗೋಡೆ ಕೆಳಗಿನ ಗೋಡೆಯ ಮೇಲೆ ಕೂದಲೆಳೆ ತಪ್ಪದೆ ಕೂರುತ್ತಿತ್ತು. ಚಲುವರಾಜು ಅವರ ಎದೆ ತುಂಬಿತು. ಇಷ್ಟು ಶುದ್ಧವಾಗಿ ತಾವೂ ಆ ವಯಸ್ಸಿನಲ್ಲಿ ಬರೆದಿರಲಿಲ್ಲ.

ಹಾಳೆಯ ಪಡುವಣದಲ್ಲಿ, ಗುಡಿಯ ಬೆನ್ನಿಗೆ, ಒಂದು ಸಣ್ಣ ಮನೆಯಿತ್ತು. ಎರಡು ಕಂಬದ ಜಗಲಿ, ಜಗಲಿಯ ಎಡಗಡೆ ಕಿಟಕಿ. ಆಟಕ್ಕೆ ಅದರಿಂದ ಏನೂ ಉಪಯೋಗವಿಲ್ಲ. ಬೀದಿಯನ್ನು ಇಕ್ಕಟ್ಟು ಮಾಡುತ್ತಿತ್ತು ಅಷ್ಟೆ. ಇದೇನೋ ಕೋಟೆಯೊಳಗೆ ಎಂದು ಅವರು ಹಿಂದೆ ಕೇಳಿದಾಗ ಕಿಶನ್, "ಇರ್ಲಿ ಬುಡಪ್ಪ, ಒಂದು ಮನೆ" ಎಂದಿದ್ದ. ಈಗ ಅವರು ಕೂತಿದ್ದದ್ದು ಅದೇ ಜಗಲಿಯ ಮೇಲೆ, ಅದೇ ಕಿಟಕಿಗೆ ಒರಗಿ. ಬೆರಳನ್ನು ಆ ಗುರುತಿನ ಮೇಲೆ ಸ್ವಲ್ಪ ಹೊತ್ತು ಇಟ್ಟುಕೊಂಡಿದ್ದು ಹಾಳೆ ಸುತ್ತಿದರು.

ಭಾನುವಾರ ಹತ್ತು ಗಂಟೆಗೆ ನಾಗಮಂಗಲದ ಬಸ್ಸಿನಿಂದ ಹುಚ್ಚಣ್ಣ ಇಳಿದ, ಜೊತೆಗೆ ಅವನ ಜೋಡಿಯಾಟಗಾರ ದಾಸಯ್ಯ. ಹುಚ್ಚಣ್ಣ ನಾಗಮಂಗಲದಲ್ಲಿ ಟ್ರಾಕ್ಟರ್ ಬಿಡಿಭಾಗದ ಅಂಗಡಿ ನಡೆಸುವವನು; ಮೂವತ್ತರ ಗಡಸು ಆಳು, ದನಿಯೂ ಹಾಗೇ. ದಾಸಯ್ಯ ಮಾತೇ ಆಡುವವನಲ್ಲ, ಇಬ್ಬರ ಮಾತನ್ನೂ ಹುಚ್ಚಣ್ಣನೇ ಆಡುತ್ತಿದ್ದ. ಸೆಂಟರಿನ ಮೇಜಿನ ಮೇಲೆ ಹಾಳೆ ಹರಡಿ ಚಲುವರಾಜು ಅಳತೆಯನ್ನೆಲ್ಲ ತೋರಿಸಿದರು. ಹುಚ್ಚಣ್ಣ ಮರ್ಯಾದೆಯಿಂದ ಕೇಳಿದ. ಕೊನೆಗೆ ತಲೆ ಕೆರೆದುಕೊಂಡ.

"ಯಜಮಾನ್ರೆ, ತಪ್ಪು ತಿಳೀಬೇಡಿ. ಹಾಳೆ ಮ್ಯಾಲೆ ಸಮವಾಗೇ ಅದೆ. ನಮ್ಮ ಹೆಣ ಬೀಳೋದು ಹಾಳೆ ಮ್ಯಾಲಲ್ವಲ್ಲ."

"ಆಡೋಕ್ ಬರ್ದಿದ್ರೆ ಹೆಣ ಬೀಳ್ತವೆ" ಎಂದಳು ದಿವ್ಯ. ಅವಳೂ ತಿಮ್ಮೇಶನೂ ಪಟ್ಟಣದ ಜೋಡಿ.

"ಓಹೋ! ಆಡಕ್ಕ ತಾಯಿ, ಆಡು. ಇವತ್ತು ಬಾಗಿಲು ಬದಲಾಯ್ಸಿ ಆಡೋಣ. ನೀವು ತೆಂಕ್ಲಿಂದ ಬನ್ನಿ. ಯಾರಿಗೆ ಆಡಾಕ್ ಬರಾಕಿಲ್ಲ ಅಂತ ನಿಮ್ಮಪ್ಪಾರೇ ನೋಡ್ಲಿ."

ಮೊದಲ ಆಟ ಎಂದಿನಂತೆ, ಪಟ್ಟಣದವರು ಬಡಗಣದಿಂದ. ನಾಗಮಂಗಲದವರು ಆರು ಹೊಡೆಯುವಷ್ಟರಲ್ಲಿ ಇಪ್ಪತ್ತು ಹೊಡೆದು ಗೆದ್ದರು. ಎರಡನೆಯದು ಬಾಗಿಲು ಬದಲಾಯಿಸಿ. ಪಟ್ಟಣದವರು ಎಂಟಕ್ಕೇ ನಿಂತು ಸೋತರು. ದಿವ್ಯ ಎದುರಿನ ಪರದೆಯನ್ನೇ ನೋಡುತ್ತ ಕೂತಳು. ತಿಮ್ಮೇಶ, "ಇನ್ನೊಂದು" ಎಂದ. ಇನ್ನೊಂದು ಆಡಿದರು, ಮತ್ತೊಂದು ಆಡಿದರು. ಯಾರೇ ಇರಲಿ, ಬಡಗಣ ಬಾಗಿಲು ಹಿಡಿದವರೇ ಗೆದ್ದರು.

"ಈಗ?" ಎಂದ ಹುಚ್ಚಣ್ಣ. ಅವನ ದನಿಯಲ್ಲಿ ಕುಹಕವಿರಲಿಲ್ಲ, ಅದೇ ಚಲುವರಾಜು ಅವರಿಗೆ ಹೆಚ್ಚು ಚುಚ್ಚಿತು. "ಮೂರು ವರ್ಷದಿಂದ ಇದೇ ಕಥೆ ಯಜಮಾನ್ರೆ. ನಿಮ್ಮ ಹುಡುಗ ಬಡಗ್ಲು ಬಾಗ್ಲು ನಂದು ಅಂತ ಮೊದ್ಲೇ ಬರ್ಕೊಂಡ್ಬುಟ್ಟ. ಸುಮ್ಸುಮ್ನೆ ಬರ್ಕೊಂಡನಾ?"

ದಿವ್ಯ ಎದ್ದು ನಿಂತಳು. "ನೋಡು ಹುಚ್ಚಣ್ಣ, ಇಲ್ದೋರ ಮೇಲೆ..."

"ಕೂತ್ಕೊ ಮಗಳೆ" ಎಂದರು ಚಲುವರಾಜು. "ಅವನು ಕೇಳಿದ್ದು ಸರಿಯಾಗೇ ಇದೆ. ಅಳತೆ ಸಮ, ಫಲ ಸಮ ಇಲ್ಲ. ಅಂದಮೇಲೆ ನಾನು ಅಳೀದೇ ಇರೋದು ಏನೋ ಇದೆ. ಇನ್ನೆರಡು ಆಟ ಆಡಿ. ನಾನು ನೋಡ್ತೀನಿ."

ಅವರು ನಕ್ಷೆಯ ಮೇಲೆ ಒಂದು ತೆಳು ಹಾಳೆ ಹಾಸಿ, ಪೆನ್ಸಿಲ್ ಹಿಡಿದು ಆಟಗಾರರ ಬೆನ್ನ ಹಿಂದೆ ನಿಂತರು. ಬಂದೂಕಿನ ಕಡೆ ನೋಡಲಿಲ್ಲ, ಯಾರು ಯಾರನ್ನು ಹೊಡೆದರೆಂದೂ ನೋಡಲಿಲ್ಲ. ಸರ್ವೆಯವನು ಊರಿಗೆ ಹೋದರೆ ಜಗಳ ಕೇಳುವುದಿಲ್ಲ, ಜನ ನಡೆದ ದಾರಿ ನೋಡುತ್ತಾನೆ. ಅವರೂ ನಾಲ್ಕು ಪರದೆಗಳಲ್ಲಿ ದಾರಿಯನ್ನಷ್ಟೇ ನೋಡಿದರು. ದಿವ್ಯ ಬಾಗಿಲಿನಿಂದ ಇಳಿದು ಗುಡಿಯ ಹತ್ತಿರ ಬಂದಳು, ಹೀಗೆ ತಿರುಗಿದಳು, ಗೆರೆ ಎಳೆದರು. ದಾಸಯ್ಯ ಎದ್ದು ಬಂದ, ಹೀಗೆ ತಿರುಗಿದ, ಗೆರೆ ಎಳೆದರು. ಯಾರಾದರೂ ನಿಂತ ಕಡೆ ಒಂದು ಚುಕ್ಕೆ ಇಟ್ಟರು.

ಎರಡು ಆಟ ಮುಗಿಯುವ ಹೊತ್ತಿಗೆ ತೆಳು ಹಾಳೆಯ ಮೇಲೆ ಗುಡಿಯ ಸುತ್ತ ಗೆರೆಗಳು ಗಾಣದ ಎತ್ತು ತಿರುಗಿದಂತೆ ಒಂದೇ ಕಡೆಗೆ ಸುತ್ತಿದ್ದವು. ಬಡಗಣದಿಂದ ಬಂದವನು ಮೂಡಣಕ್ಕೆ ತಿರುಗಿದ್ದ. ತೆಂಕಣದಿಂದ ಬಂದವನು ಪಡುವಣಕ್ಕೆ ತಿರುಗಿದ್ದ. ಫಿರಂಗಿ ಇರುವುದು ಮೂಡಣದಲ್ಲಿ ಎಂದು ಎಲ್ಲರಿಗೂ ಗೊತ್ತು. ಆದರೂ ತೆಂಕಣದವರು ಪಡುವಣ, ಬಡಗಣ ಎಲ್ಲ ಸುತ್ತಿಕೊಂಡು ಮೂರು ಪಾಲು ದಾರಿ ನಡೆದು ಫಿರಂಗಿಗೆ ಬರುತ್ತಿದ್ದರು. ಬರುವ ಹೊತ್ತಿಗೆ ಅದು ಇನ್ನೊಬ್ಬರ ಕೈಯಲ್ಲಿರುತ್ತಿತ್ತು. ಅಷ್ಟು ಸಲ ಸತ್ತು ಎದ್ದರೂ ಒಬ್ಬನೂ ಎದುರು ದಿಕ್ಕಿಗೆ ಒಂದು ಹೆಜ್ಜೆ ಇಟ್ಟಿರಲಿಲ್ಲ.

ಚಲುವರಾಜು ಪೆನ್ಸಿಲ್ ಕೆಳಗಿಟ್ಟು ಕುರ್ಚಿ ಎಳೆದುಕೊಂಡು ಕೂತರು.

ಅವರಿಗೆ ಕಾವೇರಿಯ ದಂಡೆಯ ಆ ಮಧ್ಯಾಹ್ನ ಕಣ್ಣಿಗೆ ಬಂತು. ಹೆಗಲ ಮೇಲೆ ನೀರಿನ ಮಡಕೆ, ಮುಂದೆ ಮಗನ ಚಿತೆ. ಮೂರು ಸುತ್ತು ಬರಬೇಕು. ಅವರ ಕಾಲು ತಾನಾಗಿ, ಚಿತೆ ಬಲಗೈಗೆ ಬರುವ ಹಾಗೆ, ಶನಿವಾರ ಬೆಟ್ಟದ ಮೇಲೆ ಗುಡಿ ಸುತ್ತುವ ಹಾಗೆ ನಡೆಯತೊಡಗಿತ್ತು. ಹಿಂದಿದ್ದ ಯಾರೋ ತೋಳು ಹಿಡಿದು, "ಅಂಗಲ್ಲ ಸ್ವಾಮಿ, ಇಂಗೆ" ಎಂದು ತಿರುಗಿಸಿದ್ದರು. ಚಿತೆ ಎಡಗೈಗೆ ಬಂದಿತ್ತು. ಆ ದಿಕ್ಕಿಗೆ ನಡೆಯುವುದು ಎಷ್ಟು ಕಷ್ಟವಾಯಿತೆಂದರೆ ಒಂದೊಂದು ಹೆಜ್ಜೆಯನ್ನೂ ಕಾಲಿಗೆ ಹೇಳಿ ಹೇಳಿ ಇಡಿಸಬೇಕಾಗಿತ್ತು.

"ಅಪ್ಪಾ, ನೀರು ಕುಡೀತೀಯ?" ಎಂದಳು ದಿವ್ಯ.

"ಬೇಡ." ಅವರು ಕಣ್ಣೊರೆಸಿಕೊಂಡು ಕನ್ನಡಕ ಹಾಕಿಕೊಂಡರು. ದನಿ ಗಟ್ಟಿಯಾಗಿತ್ತು. "ಹುಚ್ಚಣ್ಣ, ನೀನು ತೆಂಕಣ ಬಾಗಿಲಿನಿಂದ ಬಂದು ಗುಡಿ ಹತ್ರ ಯಾವ ಕಡೆ ತಿರುಗ್ತೀಯ?"

"ಯಾವ ಕಡೆ ಏನು, ದಾರಿ ಕಂಡ ಕಡೆ."

"ಎರಡು ಕಡೆಯೂ ದಾರಿ ಇದೆ. ಬಲಕ್ಕೆ ತಿರುಗಿದ್ರೆ ನಲವತ್ತೆಂಟು ಚೌಕಕ್ಕೆ ಫಿರಂಗಿ. ನೀನು ಮೂರು ವರ್ಷದಿಂದ ಎಡಕ್ಕೆ ತಿರುಗಿ ನೂರಾ ನಲವತ್ನಾಲ್ಕು ನಡೀತಾ ಇದ್ದೀಯ."

"ಎಲ್ಲಾದ್ರೂ ಉಂಟಾ! ಅಷ್ಟೂ ಗ್ಯಾನ ಇಲ್ವಾ ನಂಗೆ?"

ಚಲುವರಾಜು ತೆಳು ಹಾಳೆ ಅವನ ಮುಂದಿಟ್ಟರು. ಹುಚ್ಚಣ್ಣ ಗೆರೆಗಳ ಮೇಲೆ ಬೆರಳಾಡಿಸಿದ. ದಾಸಯ್ಯ ಅವನ ಭುಜದ ಮೇಲಿಂದ ಬಗ್ಗಿ ನೋಡಿ ಅಂದು ಮೊದಲ ಸಲ ಬಾಯಿ ಬಿಟ್ಟ: "ಗುಡಿ ಬಲಗೈಗೆ ಬರ್ಬೇಕಲ್ಲ."

"ಅದೇ" ಎಂದರು ಚಲುವರಾಜು. "ನೀವ್ಯಾರೂ ಓಡ್ತಾ ಇಲ್ಲ. ಎಲ್ಲ ಪ್ರದಕ್ಷಿಣೆ ಬರ್ತಾ ಇದ್ದೀರಿ."

ತಿಮ್ಮೇಶ ನಗತೊಡಗಿದ. ಹುಚ್ಚಣ್ಣ ಕೆಂಪಾದ.

"ಲೇ ನಗಬೇಡ ಕಣ್ಲಾ. ಕೈಲಿ ಬಂದೂಕು ಹಿಡ್ಕಂಡು ಯಾವನ್ಲಾ ದೇವ್ರು ದಿಂಡ್ರು ನೋಡ್ತಾನೆ? ಬುಡಿ ಯಜಮಾನ್ರೆ, ಈಗ್ಲೇ ಹೋಯ್ತೀನಿ ನೋಡಿ, ಆ ಕಡೆಯಿಂದ." ಅವನು ಕುರ್ಚಿಗೆ ಕುಳಿತ. ಉಳಿದವರು ಸುತ್ತ ನಿಂತರು. ಪರದೆಯಲ್ಲಿ ತೆಂಕಣ ಬಾಗಿಲು ತೆರೆಯಿತು. ಹುಚ್ಚಣ್ಣ ಓಡಿಸಿಕೊಂಡು ಬಂದ, ಗುಡಿಯ ಮೂಲೆಗೆ ಬಂದ, ಮತ್ತೆ ಪಡುವಣಕ್ಕೇ ತಿರುಗಿಬಿಟ್ಟ.

"ಥೂ ಇದ್ರ!" ಎಂದು ಹಿಂದಕ್ಕೆ ಬಂದ. ಈ ಸಲ ತುಟಿ ಕಚ್ಚಿಕೊಂಡು, ಮೂಡಣದ ಕಡೆಗೆ, ಗುಡಿಯನ್ನು ಎಡಗೈಗೆ ಬಿಟ್ಟು ನಡೆದ. ನಡೆದ ಅಷ್ಟೆ, ಓಡಲಿಲ್ಲ. ಹನುಮಂತರಾಯನ ಬಾಗಿಲ ಮುಂದೆ ಬರುತ್ತಲೇ ಅವನ ಎಡಗೈ ಕೀಲಿಮಣೆಯನ್ನು ಬಿಟ್ಟು ಮೇಲೆದ್ದು ಎರಡು ಕೆನ್ನೆಗೂ ಪಟಪಟ ಬಡಿದುಕೊಂಡಿತು. ತಾನು ಮಾಡಿದ್ದು ಅವನಿಗೆ ಗೊತ್ತಾದದ್ದು ಸುತ್ತಲಿನವರು ಗೊಳ್ಳೆಂದ ಮೇಲೆಯೇ.

"ಇನ್ನೊಂದು ಸಲ ಬಡ್ಕೊ ಹುಚ್ಚಣ್ಣ, ಹಣ್ಣುಕಾಯಿನೂ ಮಾಡಿಸ್ಬುಡ್ಲಾ?" ಎಂದ ತಿಮ್ಮೇಶ.

"ನೀ ಹೋಗ್ಲಾ ನೋಡಾನ! ಬಾ, ನೀ ಬಂದು ಕೂತ್ಕೊ!"

ತಿಮ್ಮೇಶ ಹೋಗಲಿಲ್ಲ. ದಿವ್ಯಳೂ ಹೋಗಲಿಲ್ಲ.

ನಗು ನಿಂತ ಮೇಲೆ ಚಲುವರಾಜು ಎದ್ದರು. "ಈಗ ಎಲ್ಲರೂ ಕೇಳಿ. ಕಿಶನ್ ಮೋಸ ಮಾಡಿಲ್ಲ. ಅಳತೆ ಸಮವಾಗೇ ಇದೆ. ಆದರೆ ಅವನು ತಪ್ಪು ಮಾಡಿದ್ದಾನೆ. ಕನ್ನಡಿಯಲ್ಲಿ ನೋಡಿದ ಹಾಗೆ ಎರಡು ಪಾಲು ಮಾಡಿದ. ಜನ ಯಾವ ಕಡೆ ನಡೀತಾರೆ ಅಂತ ನೋಡಲಿಲ್ಲ. ದಾರಿ ಅಳೆದ, ಕಾಲು ಅಳೀಲಿಲ್ಲ. ನಿನ್ನೆ ನಾನೂ ಅದೇ ತಪ್ಪು ಮಾಡ್ದೆ. ಹುಚ್ಚಣ್ಣನ ದೂರು ನಿಜ."

ಮಗನ ತಪ್ಪನ್ನು ಬಾಯಿಬಿಟ್ಟು ಹೇಳಿದ್ದರಿಂದ ತಮಗೆ ನೋವಾಗುತ್ತದೆ ಎಂದುಕೊಂಡಿದ್ದರು. ಆಗಲಿಲ್ಲ. ಹುಚ್ಚಣ್ಣನೇ ಕಸಿವಿಸಿಯಿಂದ, "ದೂರು ಗೀರು ಅಂತೇನಿಲ್ಲ ಬುಡಿ" ಎಂದು ಗೊಣಗಿದ.

"ಹಂಗಾದ್ರೆ ಗುಡಿ ತೆಗೆದ್ರೆ ಸರಿಹೋಯ್ತದಲ್ಲ ಅಪ್ಪಾಜಿ" ಎಂದ ತಿಮ್ಮೇಶ. "ಸುತ್ತಾಕೇ ಏನೂ ಇರಾಕಿಲ್ಲ."

"ಗುಡಿ ತೆಗೆದ್ರೆ ಬಯಲು. ಬಯಲಲ್ಲಿ ಹೊಡೆದಾಡೋಕೆ ಕೋಟೆ ಯಾಕೆ? ಗುಡಿ ಇರಲಿ, ನಿಮ್ಮ ಪ್ರದಕ್ಷಿಣೆಯೂ ಇರಲಿ. ಮೂಡಣದಲ್ಲಿ ಫಿರಂಗಿ ಇರೋ ಹಾಗೆ ಪಡುವಣದಲ್ಲೂ ಒಂದು ಇಡು. ಬಡಗಣದವನು ಪ್ರದಕ್ಷಿಣೆ ಬಂದ್ರೆ ಕಾಲು ಸುತ್ತಿಗೆ ಮೂಡಣದ್ದು ಸಿಗುತ್ತೆ. ತೆಂಕಣದವನು ಪ್ರದಕ್ಷಿಣೆ ಬಂದ್ರೆ ಕಾಲು ಸುತ್ತಿಗೆ ಪಡುವಣದ್ದು ಸಿಗುತ್ತೆ. ಬೀಸೋಕಲ್ಲು ತಿರುಗಿದ ಹಾಗೆ ಇಬ್ಬರೂ ತಿರುಗಲಿ."

ತಿಮ್ಮೇಶ ನಕ್ಷೆಯ ಮೇಲೆ ಬಗ್ಗಿ ಲೆಕ್ಕ ಹಾಕಿದ. ಅವನ ಮುಖ ಅರಳಿತು, ಆಮೇಲೆ ಬಾಡಿತು. "ಪಡುವಣದಲ್ಲಿ ಜಾಗ ಇಲ್ವಲ್ಲ ಅಪ್ಪಾಜಿ. ಕಟ್ಟೆ ಬೇಕು, ಅಂಗಳ ಬೇಕು, ಮೂಡ್ಲು ಕಡೆ ಇರೋ ಅಷ್ಟೇ. ಅಲ್ಲಿ ಈ ಮನೆ ಅದೆ. ಇದ್ನ ಮುಟ್ಟಬ್ಯಾಡ ಅಂತ ಕಿಶನ್ ಹೇಳಿದ್ದ. ಯಾರ ಮನೆಯೋ ಏನೋ."

ದಿವ್ಯ ನಕ್ಷೆಯಿಂದ ಮುಖ ತಿರುಗಿಸಿದಳು. ಅದು ಯಾರ ಮನೆಯೆಂದು ಅವಳಿಗೂ ಗೊತ್ತಿತ್ತು ಎಂದು ಚಲುವರಾಜು ಅವರಿಗೆ ಆಗ ತಿಳಿಯಿತು. ಎಷ್ಟು ಸಲ ಆ ಬೀದಿಯಲ್ಲಿ ಓಡುವಾಗ ಅವಳು ಆ ಜಗಲಿಯ ಮುಂದೆ ಒಂದು ಕ್ಷಣ ನಿಂತು ಗುಂಡೇಟು ತಿಂದಿದ್ದಳೆಂಬುದು ತೆಳು ಹಾಳೆಯ ಮೇಲೂ ಚುಕ್ಕೆ ಚುಕ್ಕೆಯಾಗಿ ಬಿದ್ದಿತ್ತು.

ಕೃಷ್ಣರಾಜಪೇಟೆಯ ಕಡೆ ನಾಲೆಗೆ ಗುರುತು ಹಾಕುವಾಗ ಅವರ ಸರಪಳಿಯ ದಾರಿಯಲ್ಲಿ ಎಷ್ಟೋ ಮನೆಗಳು ಬಿದ್ದಿದ್ದವು. ಹೆಂಗಸರು ಅಡ್ಡ ಬಂದು, ಒಂದು ಮಾರು ಆಚೆ ಹಾಕಿ ಸ್ವಾಮಿ ಎಂದು ಅತ್ತಿದ್ದರು. ಆದರೂ ಅವರು ಗುರುತಿನ ಕಲ್ಲನ್ನು ಎಂದೂ ಆಚೆ ಹಾಕಿರಲಿಲ್ಲ. ಒಬ್ಬರಿಗೆ ಆಚೆ ಹಾಕಿದರೆ ನೀರು ಕೊನೆಯ ಹೊಲಕ್ಕೆ ತಲುಪುವುದಿಲ್ಲ.

"ದಿವ್ಯಾ, ಕೆಂಪು ಇಂಕಿನ ಪೆನ್ನು ಇದೆಯಾ?"

ಅವಳು ಕೊಟ್ಟಳು. ಸರ್ವೆಯ ನಕ್ಷೆಯಲ್ಲಿ ಒಮ್ಮೆ ಬರೆದದ್ದನ್ನು ಅಳಿಸುವ ಪದ್ಧತಿಯಿಲ್ಲ. ತಪ್ಪಿದ್ದರೆ ಅದರ ಮೇಲೆ ಕೆಂಪು ಗೆರೆ ಎಳೆದು ಪಕ್ಕದಲ್ಲಿ ಸಹಿ ಹಾಕಬೇಕು. ಹಳೆಯದೂ ಕಾಣುತ್ತಿರಬೇಕು, ತಿದ್ದಿದವನು ಯಾರೆಂದೂ ತಿಳಿಯಬೇಕು. ಚಲುವರಾಜು ಹಾಗೆಯೇ ಮಾಡಿದರು. ಜಗಲಿಯ ಎರಡು ಕಂಬ, ಕಿಟಕಿ, ಹಿಂದಿನ ಗೋಡೆ, ಒಂದೊಂದರ ಮೇಲೂ ಕೆಂಪು ಗೆರೆ ಎಳೆದು, ಅಲ್ಲೇ ಕಟ್ಟೆಯನ್ನೂ ಅಂಗಳವನ್ನೂ ಚೌಕ ಎಣಿಸಿ ಬರೆದು, ಕೆಳಗೆ ಸಹಿ ಹಾಕಿ ತಾರೀಖು ಬರೆದರು.

"ಮನೆ ನಮ್ದೇ" ಎಂದರು ಹುಚ್ಚಣ್ಣನಿಗೆ. "ತಕರಾರಿಲ್ಲ."

ಹುಚ್ಚಣ್ಣ ನಕ್ಷೆಯನ್ನು ನೋಡಿದ, ಮುದುಕರನ್ನು ನೋಡಿದ. ಹಾಳೆಯನ್ನು ತಾನೇ ಸುತ್ತಿ ಅವರ ಕೈಗೆ ಕೊಟ್ಟ.

ಸಂಜೆ ಪುಟ್ಟಗೌರಮ್ಮ ಎಲ್ಲ ಕೇಳಿಸಿಕೊಂಡರು. "ಮನೆ ಬರ್ದಿದ್ದ ಅಂತ ನಂಗ್ಯಾಕೆ ಹೇಳ್ಲಿಲ್ಲ?" ಎಂದರು. ಚಲುವರಾಜು ಹಾಳೆ ಬಿಚ್ಚಿ ಕೆಂಪು ಗೆರೆಯ ಕೆಳಗೆ ಉಳಿದಿದ್ದ ಮನೆ ತೋರಿಸಿದರು. ಪುಟ್ಟಗೌರಮ್ಮ ದೀಪದ ಹತ್ತಿರ ಹಿಡಿದು ನೋಡಿದರು. "ಹಿತ್ಲ ಬಾಗ್ಲು ಹಾಕೋದೇ ಮರ್ತವ್ನೆ" ಎಂದು ನಕ್ಕರು. ನಗುತ್ತ ಸೆರಗಿನಿಂದ ಮುಖ ಮುಚ್ಚಿಕೊಂಡರು.

ತಿಮ್ಮೇಶನಿಗೆ ಹೊಸ ಕೋಟೆ ಕಟ್ಟಲು ಮೂರು ವಾರ ಹಿಡಿಯಿತು. ಹೊಸ ಆಟದಲ್ಲಿ ಕಲ್ಲು ಕಲ್ಲಿನಂತೆ ಕಾಣುತ್ತಿತ್ತು, ನೆರಳು ಬೀಳುತ್ತಿತ್ತು. ಗುಡಿಯ ಗೋಪುರಕ್ಕೆ ಸುಣ್ಣ ಬಳಿದಂತಿತ್ತು. ಪಡುವಣದ ಬೀದಿ ಅಗಲವಾಗಿ, ಗುಡಿಯ ಬೆನ್ನಿಗೆ ಹೊಸ ಅಂಗಳ, ನಡುವೆ ಕಟ್ಟೆ. ಊರವರು ಬಡಗಣದಿಂದಲೇ ಇಳಿಯಬೇಕೆಂಬ ಕಟ್ಟಳೆಯನ್ನು ಹುಚ್ಚಣ್ಣನೇ ಉಳಿಸಿಕೊಳ್ಳಲು ಹೇಳಿದ. "ಸಮ ಅದೆ ಅಂತೀರಲ್ಲ, ಪರೀಕ್ಷೆ ಆಗ್ಲಿ" ಎಂದ.

ಭಾನುವಾರ ಕೃಷ್ಣರಾಜಪೇಟೆಯಿಂದಲೂ ಪಾಂಡವಪುರದಿಂದಲೂ ನೋಡಲು ಜನ ಬಂದಿದ್ದರು; ಸೆಂಟರಿನ ಬಾಗಿಲಲ್ಲಿ ಚಪ್ಪಲಿಗಳ ರಾಶಿ. ಚಲುವರಾಜು ಮತ್ತೆ ತೆಳು ಹಾಳೆ ಹಿಡಿದು ಬೆನ್ನ ಹಿಂದೆ ನಿಂತರು. ಪಟ್ಟಣದವರು ಒಂದು ಹೊಡೆದರೆ ನಾಗಮಂಗಲದವರು ಒಂದು ಹೊಡೆದರು. ಒಂಬತ್ತಕ್ಕೆ ಒಂಬತ್ತು. ಹದಿನಾಲ್ಕಕ್ಕೆ ಹದಿಮೂರು. ಕೂಗಾಟದಲ್ಲಿ ಫ್ಯಾನಿನ ಸದ್ದು ಕೇಳಿಸಲಿಲ್ಲ. "ಪಡುವ್ಲು ಕಡೆ ನೋಡವ್ವ, ದಾಸ ಬಂದ!" "ಅಯ್ಯೋ ಸತ್ತ್ಯಲ್ಲೋ ತಿಮ್ಮೇಶ!" ಹದಿನೆಂಟಕ್ಕೆ ಹದಿನೆಂಟು. ಜನವೆಲ್ಲ ಪರದೆಯ ಕಡೆ ಬಗ್ಗಿದಾಗ ಚಲುವರಾಜು ಮಾತ್ರ ತಮ್ಮ ಹಾಳೆಯನ್ನು ನೋಡುತ್ತಿದ್ದರು. ಗೆರೆಗಳು ಗುಡಿಯನ್ನು ಬಲಗೈಗೆ ಇಟ್ಟುಕೊಂಡು ಎರಡು ಕಡೆಯಿಂದಲೂ ಒಂದೇ ದಪ್ಪಕ್ಕೆ ತಿರುಗುತ್ತಿದ್ದವು.

ಇಪ್ಪತ್ತನೆಯದನ್ನು ಹೊಡೆದವನು ದಾಸಯ್ಯ. ನಾಗಮಂಗಲ ತೆಂಕಣ ಬಾಗಿಲಿನಿಂದ ಮೊದಲ ಸಲ ಗೆದ್ದಿತ್ತು. ಹುಚ್ಚಣ್ಣ ಕುರ್ಚಿ ಬೀಳಿಸಿಕೊಂಡು ಎದ್ದು ಕುಣಿದ. ಸೋತ ದಿವ್ಯ ತಿರುಗಿ ನೋಡಿದರೆ ಅಪ್ಪ ಗೆದ್ದವರ ಹಾಗೆ ನಿಂತಿದ್ದರು.

"ಏನಪ್ಪಾ, ನಮ್ಮ ಮಾನ ಹೋಯ್ತು, ನೀನು ನಗ್ತಾ ಇದ್ದೀಯ?"

"ನಿಮ್ಮದು ಹೋಯ್ತು. ಕೋಟೆದು ಬಂತು" ಎಂದರು.

ಹೊರಡುವ ಮುಂಚೆ ಹುಚ್ಚಣ್ಣ ಜೇಬಿನಿಂದ ಹೊಸ ಫ್ಲಾಪಿ ತೆಗೆದು ಮೇಜಿನ ಮೇಲಿಟ್ಟ. "ದಿವ್ಯಕ್ಕ, ಈ ಕೋಟೆನ ಇದ್ರೊಳಕ್ಕೆ ಹಾಕ್ಕೊಡು. ನಮ್ಮೂರಲ್ಲೂ ಇದ್ರಲ್ಲೇ ಆಡ್ತೀವಿ. ಯಜಮಾನ್ರೆ, ಮ್ಯಾಲೆ ಹೆಸರು ನೀವೇ ಬರೀರಿ. ಇಲ್ದಿದ್ರೆ ನಾನೇ ಕಟ್ಟಿದ್ದು ಅಂತ ಹೇಳ್ಕೊಂಡು ತಿರುಗ್ತೀನಿ, ನನ್ನ ಬಾಯಿ ಗೊತ್ತಲ್ಲ ನಿಮಗೆ."

ಚಲುವರಾಜು ಫ್ಲಾಪಿಯ ಬಿಳಿ ಚೀಟಿಯ ಮೇಲೆ ದುಂಡಗಿನ ಅಕ್ಷರದಲ್ಲಿ ಬರೆದರು: ಕಿಶನನ ಕೋಟೆ. ಕಟ್ಟಿದವರು, ಕಿಶನ್ ಮತ್ತು ತಿಮ್ಮೇಶ. ತಿಮ್ಮೇಶ ಓದಿ, "ನಿಮ್ಮ ಹೆಸರು, ಅಪ್ಪಾಜಿ?" ಎಂದ. ಜಾಗವಿಲ್ಲ ಎಂದು ಅವರು ಚೀಟಿಯ ಮೇಲೆ ಊದಿ ಇಂಕು ಆರಿಸಿದರು. ಹುಚ್ಚಣ್ಣ ಅದನ್ನು ಎರಡು ಕೈಯಲ್ಲೂ ತೆಗೆದುಕೊಂಡು ಅಂಗಿಯ ಜೇಬಿಗಿಟ್ಟು, ಗುಂಡಿ ಹಾಕಿಕೊಂಡು, ಬಸ್ಸಿಗೆ ಓಡಿದ.